ಬೋರಲು ಹಾಕಿದರೂ ಬೀಳದ ಮೊಸರು

ಈಗ ಹೇಳುವುದು ಅಕ್ಷರಕ್ಕಕ್ಷರ ನಿಜ. ಒಂದು ಮಾತು ಸುಳ್ಳಾದರೂ ನನ್ನ ಮೀಸೆಯ ಎಡಭಾಗ ಉದುರಿ ಹೋಗಲಿ. ಬಲಭಾಗವನ್ನು ಹೋದ ಸಲದ ಕಥೆಗೇ ಪಣಕ್ಕಿಟ್ಟಿದ್ದೆ. ಅದಿನ್ನೂ ಇದೆ, ಬೇಕಾದವರು ಎಳೆದು ನೋಡಬಹುದು. ನಾನು ಮೋಡದ ಮೇಲೆ ಹಪ್ಪಳ ಒಣಗಿಸಿದ್ದನ್ನು ನೀವು ನಂಬಲಿಲ್ಲ. ಮೊಸಳೆಯ ಹಲ್ಲುನೋವಿಗೆ ಲವಂಗ ಇಟ್ಟು, ಅದರ ಬೆನ್ನೇರಿ ಹೊಳೆ ದಾಟಿದ್ದನ್ನೂ ನಂಬಲಿಲ್ಲ. ಅದಕ್ಕೆಲ್ಲ ನನಗೆ ಬೇಜಾರಿಲ್ಲ. ದೊಡ್ಡವರ ಸಾಹಸ ಸಣ್ಣವರ ತಲೆಗೆ ಇಳಿಯುವುದು ಕಷ್ಟ. ಇದೊಂದನ್ನು ಮಾತ್ರ ನಂಬಿ, ಮಕ್ಕಳೇ. ಇದರಲ್ಲಿ ನಿಮ್ಮ ಮಾವನ ಸಾಹಸ ಏನೂ ಇಲ್ಲ. ನಾನು ಬರೀ ಜಗಲಿಯ ಮೇಲೆ ಕೂತಿದ್ದೆ.

ಸುತ್ತ ಬಿಳಿ ಗೋಡೆಯಿರುವ ಒಂದು ಊರು. ಗೋಡೆಯ ಒಳಗೆ ಯಾವಾಗಲೂ ಎಳೆ ಬಿಸಿಲು, ಗೋಡೆಯ ಹೊರಗೆ ಯಾವಾಗಲೂ ಮಂಜು. ಯಾಕೆ ಹಾಗೆ ಎಂದು ಸೂರ್ಯನನ್ನೇ ಕೇಳಿದ್ದೆ. ಅವನು ಕೆಳಗೆ ನೋಡಿ ಮುಂದೆ ಸರಿದ.

ಆ ಊರಿನಲ್ಲಿ ಒಂದೇ ಕಟ್ಟಳೆ. ಯಾರೂ ತಮ್ಮ ಹಾಲಿಗೆ ತಮ್ಮದೇ ಹೆಪ್ಪು ಹಾಕುವಂತಿಲ್ಲ. ಪ್ರತಿ ಮನೆಯ ಮೂಲೆಯಲ್ಲೂ ಒಂದು ಮಣ್ಣಿನ ಮಡಕೆ. ಸಂಜೆ ಅದಕ್ಕೆ ಹಾಲು ಎರೆದು, ಇನ್ನೊಬ್ಬರ ಬಾಗಿಲಿಗೆ ಹೋಗಿ, ಒಂದು ಚಮಚ ಹೆಪ್ಪು ಎರವಲು ತರಬೇಕು. ಬೆಳಿಗ್ಗೆ, ಬಿಸಿಲು ಹೊಸ್ತಿಲು ಮುಟ್ಟುವ ಮೊದಲು, ಒಂದು ಚಮಚ ಮೊಸರನ್ನು ಅದೇ ಬಾಗಿಲಿಗೆ ಹಿಂದಿರುಗಿಸಬೇಕು. ಸಂಜೆ ತರುವುದು, ಬೆಳಿಗ್ಗೆ ಕೊಡುವುದು. ಸಂಜೆ ತರುವುದು, ಬೆಳಿಗ್ಗೆ ಕೊಡುವುದು. ಹೀಗೆ ಹೊತ್ತಿಗೆ ಸರಿಯಾಗಿ ಹಿಂದಿರುಗಿಸಿದಷ್ಟೂ ಅವರವರ ಮಡಕೆಯ ಮೊಸರು ಕೂದಲೆಳೆ ಕೂದಲೆಳೆಯಾಗಿ ಗಟ್ಟಿಯಾಗುತ್ತದೆ.

ಆ ಮೊಸರನ್ನು ಯಾರೂ ಉಣ್ಣುವುದಿಲ್ಲ. ಅಲ್ಲಿ ಎಲ್ಲರೂ ಉಣ್ಣುವುದು ಉಪ್ಪು ಹಾಕಿದ ಗಂಜಿ. "ಮತ್ತೆ ಮೊಸರು ಯಾತಕ್ಕೆ?" ಎಂದು ನಾನು ಕೇಳಿದಾಗ, ಬಟ್ಟೆ ಯಾತಕ್ಕೆ ಎಂದು ಕೇಳಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಯಾತಕ್ಕೆಂದರೆ ಇದಕ್ಕೆ: ಇರಲು ಮನೆ ಬೇಕೆ, ಮಗಳಿಗೆ ಗಂಡು ಬೇಕೆ, ಬಾವಿಗೆ ಹಗ್ಗ ಇಳಿಸಬೇಕೆ, ಊರ ನಡುವಿನ ಕಲ್ಲಿನ ಮೇಲೆ ನಿಂತು, ತನ್ನ ಮಡಕೆಯನ್ನು ತನ್ನ ತಲೆಯ ಮೇಲೆಯೇ ಬೋರಲು ಹಿಡಿಯಬೇಕು. ಮೊಸರು ಬೀಳದೆ ನಿಂತರೆ ಬೇಡಿದ್ದು ಸಿಗುತ್ತದೆ. ಬಿದ್ದರೆ ತಲೆ ಒರೆಸಿಕೊಂಡು ಮನೆಗೆ ಹೋಗಬೇಕು. ಯಾರೂ ನಗುವುದಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಇದನ್ನೆಲ್ಲ ನೆನಪಿಡಲು ಊರಿಗೊಬ್ಬ ರುಚಿಗಾರ. ಬೆಳಿಗ್ಗೆ ಮನೆಮನೆಗೆ ಬಂದು ಕಿರುಬೆರಳ ತುದಿಯಲ್ಲಿ ಮೊಸರು ಮುಟ್ಟಿ ನಾಲಿಗೆಗೆ ಇಟ್ಟುಕೊಳ್ಳುತ್ತಾನೆ. ಅಷ್ಟೇ. ಯಾರು ಯಾವ ದಿನ ತಡ ಮಾಡಿದರು, ಯಾರ ಮುತ್ತಜ್ಜಿಯ ಮೊಸರು ಯಾವ ಮಳೆಗಾಲದಲ್ಲಿ ಹುಳಿಯಾಗಿತ್ತು, ಎಲ್ಲ ಆ ನಾಲಿಗೆಯ ಮೇಲಿದೆ. ಅವನಿಗೆ ಯಾರ ಮೇಲೂ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ಅವನ ಮುಖ ನೋಡಿದರೆ ತೊಳೆದಿಟ್ಟ ತಟ್ಟೆ ನೋಡಿದ ಹಾಗಾಗುತ್ತದೆ.

ನನಗೆ ಮಡಕೆ ಬೇಕಿರಲಿಲ್ಲ. ನಾನು ಅತಿಥಿ. ನೋಡಿ ಹೋಗುತ್ತೇನೆ ಎನ್ನುವವನಿಗೆ ಆ ಊರ ಬಾಗಿಲು ತೆರೆದೇ ಇರುತ್ತದೆ, ಹಾರ ಬೇರೆ ಹಾಕುತ್ತಾರೆ. ಇರುತ್ತೇನೆ ಎಂದವನಿಗೆ ಮಾತ್ರ ಅದು ಬಾಗಿಲು.

ಹೊಸಬ ಬಂದದ್ದು ಇರುವುದಕ್ಕೆ. ಅವನ ಊರನ್ನು ಮರಳು ನುಂಗಿತ್ತು. ಬೆನ್ನ ಮೇಲೆ ಹಾಸಿಗೆ, ಕೈಯಲ್ಲಿ ಬಟ್ಟೆ ಕಟ್ಟಿದ ಕುಡಿಕೆ, ಹಿಂದೆ ಹೆಂಡತಿ, ಅವಳ ಹಿಂದೆ ಒಂದು ಮೇಕೆ. ಹಾಸಿಗೆ ಹೊತ್ತವನು ಅತಿಥಿಯಲ್ಲ ಎಂದು ಬಾಗಿಲು ಕಾಯುವವನಿಗೆ ದೂರದಿಂದಲೇ ತಿಳಿಯಿತು.

"ಕುಡಿಕೇಲಿ ಏನು?"

"ಹೆಪ್ಪು ಸ್ವಾಮಿ. ನಮ್ಮ ಮನೆತನದ್ದು. ನಮ್ಮೂರಲ್ಲಿ ಯಾರ ಮನೆ ಮದುವೆ ಆದ್ರೂ ನಮ್ಮನೆ ಹೆಪ್ಪೇ ಹೋಗ್ಬೇಕಿತ್ತು."

"ನಿಮ್ಮೂರ ಮೊಸರು ನಮ್ಮ ರುಚಿಗಾರನ ನಾಲಿಗೆ ಮೇಲಿಲ್ಲ," ಎಂದ ಬಾಗಿಲವನು, ಕುಡಿಕೆಯನ್ನು ದಾರಿಯ ಮೇಲೆ ಬಗ್ಗಿಸಿಬಿಟ್ಟ. ಒಂದು ನಾಯಿ ಬಂದು ನೆಕ್ಕಿತು. ನಾಯಿಯ ಅಭಿಪ್ರಾಯ ಬಹಳ ಚೆನ್ನಾಗಿತ್ತು. ಆದರೆ ಆ ಊರಿನಲ್ಲಿ ನಾಯಿಯ ನಾಲಿಗೆಗೆ ಬೆಲೆಯಿಲ್ಲ.

"ಇಲ್ಲಿ ಯಾರ ಹತ್ರ ಎರವಲು ತಗೊಂಡಿದ್ದೀಯ?"

ಹೊಸಬ ಎದೆ ಸೆಟೆಸಿ ನಿಂತ. ಅವನ ಜೀವಮಾನದ ಹೆಮ್ಮೆಯ ಮಾತನ್ನು ಹೇಳುವ ಹೊತ್ತು ಬಂತೆಂದುಕೊಂಡ. "ಯಾರ ಹತ್ರಾನೂ ಇಲ್ಲ ಸ್ವಾಮಿ! ಹುಟ್ಟಿದಾಗಿಂದ ಇವತ್ತಿನ ತನಕ ಒಬ್ಬರ ಹಂಗೂ ಇಲ್ಲ."

ಬಾಗಿಲವನು ಮೂಗಿಗೆ ಬಟ್ಟೆ ಹಿಡಿದು ಹಿಂದೆ ಸರಿದ.

ಕೊನೆಗೆ ಇತ್ಯರ್ಥವಾದದ್ದು ಹೀಗೆ. ಊರ ಕೊಟ್ಟಿಗೆಯಲ್ಲಿ ಸಗಣಿ ಬಾಚಲು ಒಬ್ಬ ಆಳು ಬೇಕಿತ್ತು, ಕೂಲಿಗೆ ಹಾಲು. ಹಾಗಾಗಿ ಅವನೊಬ್ಬ ಒಳಗೆ, ಹೊರಗೆ ಹೋದರೆ ಮತ್ತೆ ಬರುವಂತಿಲ್ಲ. ಹೆಂಡತಿ ಮೇಕೆಯ ಜೊತೆ ಹೊರಗೆ, ಗೋಡೆಗೆ ಒರಗಿದ ಕಲ್ಲು ಮಂಟಪದಲ್ಲಿ, ಮಂಜಿನಲ್ಲಿ. ಅವಳು ಒಳಗೆ ಬರಬೇಕಾದರೆ ಅವನು ಕಲ್ಲಿನ ಮೇಲೆ ನಿಂತು ಮಡಕೆ ಬೋರಲು ಹಿಡಿಯಬೇಕು.

ಗೋಡೆಯಲ್ಲಿ ಒಂದು ಬಿರುಕಿತ್ತು, ಮಾತು ದಾಟುವಷ್ಟು. ಮಾತು ಬಿಟ್ಟರೆ ಒಂದು ಚಮಚ ದಾಟಬಹುದಾಗಿತ್ತು, ಅಷ್ಟೇ.

"ರೀ, ಒಳಗೆ ಹೇಗಿದೆ?"

"ಬಿಸಿಲಿದೆ ಕಣೇ."

"ಹಾಗಾದ್ರೆ ಸ್ವಲ್ಪ ಇತ್ತ ಕಡೆ ಊದಿ."

ಅವನು ಬಿರುಕಿಗೆ ಬಾಯಿಟ್ಟು ಊದುತ್ತಿದ್ದ. ಅವಳು ಆ ಕಡೆ ಕೆನ್ನೆ ಕೊಟ್ಟು ನಿಲ್ಲುತ್ತಿದ್ದಳು. ನಾನು ಮೆಚ್ಚುವವನಲ್ಲ ಇಂಥದ್ದನ್ನೆಲ್ಲ, ಆದರೂ ನೋಡಿದೆ.

ಹೊಸಬ ಒಂದು ಮಡಕೆ ತಂದು, ಹಾಲು ಎರೆದು, ಮೊದಲ ಬಾಗಿಲಿಗೆ ಹೋದ.

"ಒಂದು ಚಮಚ ಹೆಪ್ಪು ಕೊಡಿ ತಾಯಿ."

"ಮುಂಚೆ ತಗೊಂಡು ಹಿಂದಿರುಗಿಸಿದ್ದೀಯಾ?"

"ಇಲ್ಲ ತಾಯಿ. ಕೊಟ್ರೆ ಹಿಂದಿರುಗಿಸ್ತೀನಿ."

"ಹಿಂದಿರುಗಿಸಿದ ಮೇಲೆ ಬಾ, ಕೊಡ್ತೀನಿ."

ಅವನು ಎರಡನೆಯ ಬಾಗಿಲಿಗೆ ಹೋದ. ಮೂರನೆಯದಕ್ಕೆ ಹೋದ. ಹೆಂಡತಿಯ ಕೆಮ್ಮು ಕಿವಿಯಲ್ಲಿತ್ತು; ಆ ಬೀದಿಯ ಬಾಗಿಲುಗಳನ್ನೆಲ್ಲ ಒಂದೇ ಸಂಜೆ ತಟ್ಟಿಬಿಟ್ಟ. ಮಾಡಬಾರದ ಕೆಲಸ ಅದು. ಕೇಳಿದ ಒಂದೊಂದು ಬಾಗಿಲಿಗೂ ಮಡಕೆಯಲ್ಲಿದ್ದ ಹಾಲು ಒಂದಿಷ್ಟು ತೆಳ್ಳಗಾಗುತ್ತ ಹೋಯಿತು. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಮಡಕೆಯ ತಳ ಕಾಣುತ್ತಿತ್ತು, ತಳದಲ್ಲಿ ಅವನ ಮುಖ ಕಾಣುತ್ತಿತ್ತು.

ಬೀದಿಯ ತುದಿಯಲ್ಲಿ ಅಡವಿನ ಅಜ್ಜಿಯ ಮನೆ. ನಾನು ಇಳಿದುಕೊಂಡಿದ್ದದ್ದು ಅವಳ ಜಗಲಿಯಲ್ಲೇ. ಅಡವಿಟ್ಟವರಿಗೆ ಅಜ್ಜಿ ಹೆಪ್ಪು ಕೊಡುತ್ತಿದ್ದಳು. ಹೊಸಬರಿಗೆ ಅದೊಂದೇ ದಾರಿ.

"ಏನಿದೆ ಮಗಾ ನಿನ್ನ ಹತ್ರ?"

"ಏನೂ ಇಲ್ಲ ಅಜ್ಜಿ. ಒಂದು ಹಾಸಿಗೆ ಇದೆ."

"ಹಾಸಿಗೆ ಬೇಡ. ಅದರ ಮೇಲೆ ಬರೋ ನಿದ್ದೆ ಇದೆಯಲ್ಲ, ಅದನ್ನ ಇಡು. ಪೂರ್ತಿ ಬೇಡಪ್ಪ, ನಾನೇನು ರಾಕ್ಷಸಿ ಅಲ್ಲ. ಮಧ್ಯಾಹ್ನದ ಒಂದು ಕೋಳಿನಿದ್ದೆ ಸಾಕು. ನನಗೆ ವಯಸ್ಸಾಯ್ತು, ನಿದ್ದೆ ಹತ್ತಲ್ಲ."

ಅವನು ನನ್ನ ಕಡೆ ನೋಡಿದ. ನಾನು ಹೇಳಿದೆ: "ಇಡಬೇಡ್ವೋ ಮಹರಾಯ! ಹೆಣ್ಣು ಕೊಟ್ಟ ಮಾವನಿಗೂ ಮಧ್ಯಾಹ್ನದ ನಿದ್ದೆ ಕೊಡಬಾರದು." ಅವನು ಇಟ್ಟ. ಅಂದಿನಿಂದ ಮಧ್ಯಾಹ್ನವಾದರೆ ಅಜ್ಜಿಯ ಗೊರಕೆಗೆ ಮಾಡಿನ ಹೆಂಚು ಎದ್ದು ಎದ್ದು ಕೂರುತ್ತಿತ್ತು. ಎದುರಿಗೆ, ಕೊಟ್ಟಿಗೆಯ ನೆರಳಿನಲ್ಲಿ, ಹೊಸಬ ಕಣ್ಣು ತೆರೆದುಕೊಂಡು ಕೂತಿರುತ್ತಿದ್ದ.

ಹೀಗೆ ಶುರುವಾಯಿತು. ಸಂಜೆ ತಂದ, ಬೆಳಿಗ್ಗೆ ಕೊಟ್ಟ. ಸಂಜೆ ತಂದ, ಬೆಳಿಗ್ಗೆ ಕೊಟ್ಟ. ದಿನಾ ಹೊಸ್ತಿಲ ಆಚೆ ನಿಂತು ಮಡಕೆಯನ್ನು ತಲೆಯ ಮೇಲೆ ಬೋರಲು ಹಿಡಿದು ನೋಡುತ್ತಿದ್ದ. ಮೊದಮೊದಲು ನೀರಿನಂತೆ ಸುರಿದು ಅಂಗಿಯೊಳಗೆ ಇಳಿಯಿತು. ಆಮೇಲೆ ಕಿವಿಯ ತನಕ. ಆಮೇಲೆ ಹಣೆಯ ತನಕ. ಬಿದ್ದದ್ದನ್ನು ಮತ್ತೆ ಮಡಕೆಗೆ ಬಳಿದುಕೊಳ್ಳುತ್ತಿದ್ದ. ಅವನ ತಲೆ ನೆಕ್ಕಲು ಕೊಟ್ಟಿಗೆಯ ಕರುಗಳೆಲ್ಲ ಸಾಲು ನಿಲ್ಲುತ್ತಿದ್ದವು. ಇದನ್ನು ಬಿರುಕಿನಲ್ಲಿ ಹೇಳಿದರೆ ಹೆಂಡತಿ ಕೆಮ್ಮು ಬರುವ ತನಕ ನಗುತ್ತಿದ್ದಳು.

"ಮದುವೇಲಿ ಎಣ್ಣೆ ಹಚ್ಚೋಕೆ ಬಂದ್ರೂ ತಲೆ ಕೊಡ್ಲಿಲ್ಲ ನೀವು. ಈಗ ನೋಡಿ!"

"ಆಗ್ತಾ ಬಂತು ಕಣೇ. ಹಣೆ ತನಕ ಬಂತು."

"ಬೇಗ ಆಗ್ಲಿ. ಇಲ್ಲಿ ಮಂಜು ಈಗ ಮಂಟಪದ ಒಳಗೂ ಮಲಗುತ್ತೆ. ನನ್ನ ಜಾಗಕ್ಕೆ ನನಗಿಂತ ಮುಂಚೆ ಸೇರಿರುತ್ತೆ."

ಒಂದು ಬೆಳಿಗ್ಗೆ ಅವನು ಚಮಚ ಹಿಡಿದು ಅಜ್ಜಿಯ ಮನೆಗೆ ಹೊರಟವನು ದಾರಿಯಲ್ಲಿ ಬಿರುಕಿನ ಹತ್ತಿರ ನಿಂತ. ಅವಳಿಗೆ ಜ್ವರ. ಹಲ್ಲು ಕಡಿಯುವ ಸದ್ದು ಗೋಡೆ ದಾಟಿ ಬರುತ್ತಿತ್ತು. "ಹೋಗ್ಬೇಡಿ, ಸ್ವಲ್ಪ ಊದ್ತಾ ಇರಿ," ಎಂದಳು. ಅವನು ಊದುತ್ತ ನಿಂತ. ಅವಳಿಗೆ ನಿದ್ದೆ ಹತ್ತುವ ತನಕ ಊದಿದ. ತಿರುಗಿ ನೋಡಿದರೆ ಬಿಸಿಲು ಅಜ್ಜಿಯ ಹೊಸ್ತಿಲು ಮುಟ್ಟಿಯಾಗಿತ್ತು, ಬಾಗಿಲಲ್ಲಿ ರುಚಿಗಾರ ನಿಂತಾಗಿತ್ತು.

"ಹೆಂಡ್ತಿಗೆ ಹುಷಾರಿರ್ಲಿಲ್ಲ ಸ್ವಾಮಿ," ಎಂದ ಹೊಸಬ.

"ಇರಬಹುದು," ಎಂದ ರುಚಿಗಾರ. ಚಮಚಕ್ಕೆ ಕಿರುಬೆರಳು ಮುಟ್ಟಿಸಿ ನಾಲಿಗೆಗೆ ಇಟ್ಟುಕೊಂಡ. ಕಣ್ಣು ಮುಚ್ಚಿದ. "ನಿನ್ನ ಮಾತು ನಿಜಾನೇ ಇರಬಹುದಯ್ಯ. ಆದರೆ ನಾಲಿಗೆಗೆ ಕಾರಣ ತಿಳಿಯಲ್ಲ, ಹುಳಿ ತಿಳಿಯುತ್ತೆ."

ಆ ದಿನ ಅವನ ಮಡಕೆಯಿಂದ ಮೊಸರು ಮೊದಲ ದಿನದ ಹಾಗೆ ನೀರಾಗಿ ಸುರಿಯಿತು.

ಮತ್ತೆ ಮೊದಲಿನಿಂದ. ಸಂಜೆ ತಂದ, ಬೆಳಿಗ್ಗೆ ಕೊಟ್ಟ. ಆದರೆ ಈ ಸಲದ ಹೊಸಬ ಬೇರೆ. ಬೆಳಿಗ್ಗೆ ಬಿರುಕಿನ ಹತ್ತಿರ ಹೋಗುವುದನ್ನು ಬಿಟ್ಟ. ಚಮಚ ಹಿಡಿದಾಗ ಆ ಬೀದಿಯನ್ನೇ ಸುತ್ತಿ ಬಳಸಿ ಹೋಗುತ್ತಿದ್ದ. ಸಂಜೆ ಹೋದರೂ ನಿಂತೇ ಮಾತಾಡಿ, ಹೇಳುವಷ್ಟು ಹೇಳಿ ಬರುತ್ತಿದ್ದ. ಊದುವುದಕ್ಕೆ ಉಸಿರು ಉಳಿದಿರುತ್ತಿರಲಿಲ್ಲ. "ಎಲ್ಲ ನಿನಗೋಸ್ಕರಾನೇ ಕಣೇ," ಎನ್ನುತ್ತಿದ್ದ. ಅದು ನಿಜವೇ ಆಗಿತ್ತು. ಅದಕ್ಕೇ ಅವಳು ಏನೂ ಹೇಳುವ ಹಾಗಿರಲಿಲ್ಲ.

ಮೊಸರು ಗಟ್ಟಿಯಾಯಿತು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. "ಹೆಪ್ಪು ಬೇಕಾ ಹೊಸಬಣ್ಣ? ನಮ್ಮನೇದು ತಗೊಂಡು ಹೋಗು," ಎಂದು ಅದೇ ತಾಯಂದಿರು ಕರೆಯತೊಡಗಿದರು, ಬೇಡದಿದ್ದಾಗಲೂ ಕರೆದರು. ಅಡವಿನ ಅಜ್ಜಿ ಒಂದು ದಿನ ಅವನ ನಿದ್ದೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟಳು. ಅವನು ಮಲಗಿ ನೋಡಿದ, ಆಗಲಿಲ್ಲ. ಅದರ ತುಂಬ ಅಜ್ಜಿಯ ಕನಸುಗಳು ಅಂಟಿಕೊಂಡಿದ್ದವು: ಸತ್ತ ಗಂಡಂದಿರು, ಕಳೆದುಹೋದ ಮೂಗುತಿ, ಒಂದು ಕಪ್ಪು ಕೋಳಿ. ಎದ್ದು ಕೂತು ಮಡಕೆಯನ್ನೇ ನೋಡುತ್ತಿದ್ದ.

ಹೊರಗೆ ಅವಳು ತೆಳ್ಳಗಾದಳು. ನಾನು ಅತಿಥಿಯಾದ್ದರಿಂದ ಬಾಗಿಲು ದಾಟಿ ಹೋಗಿ ನೋಡುತ್ತಿದ್ದೆ. ಅವಳ ಅಂಚು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವುದು ಕಷ್ಟವಾಗಿತ್ತು. ಮೇಕೆಯ ಹಾಲು ಕುಡಿಯಲು ಹೋದರೆ ಗಂಟಲು ದಾಟುತ್ತಿರಲಿಲ್ಲ.

ಕಲ್ಲಿನ ಮೇಲೆ ನಿಲ್ಲುವ ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ ಅವನು ಬಿರುಕಿಗೆ ಹೋದ. ನಾನೂ ಹೋದೆ.

"ನಾಳೆ ಕಣೇ," ಎಂದ.

"ನಾಳೆ ಅಲ್ವಾ," ಎಂದಳು. ಸ್ವಲ್ಪ ಹೊತ್ತು ಉಸಿರಾಡಿದಳು. "ರೀ. ಬಾಯೆಲ್ಲ ಕಹಿ. ಒಂದು ಚಮಚ ಹೆಪ್ಪು ಕೊಡ್ತೀರಾ? ಹಾಲು ಹಾಗೇ ಇದೆ. ಬೆಳಗಾಗೋದ್ರೊಳಗೆ ಕಟ್ಟಿಬಿಡುತ್ತೆ. ಒಂದು ತುತ್ತು ಮೊಸರು ತಿಂದ್ರೆ ಎದ್ದು ನಿಲ್ತೀನಿ ಅನ್ನಿಸುತ್ತೆ. ಎದ್ದು ನಿಂತು ಬಾಗಿಲಲ್ಲಿ ಬರ್ತೀನಿ."

ಹೊಸಬ ಬಿರುಕಿನಿಂದ ಮುಖ ಹಿಂದೆಳೆದುಕೊಂಡ. ಮಡಕೆಯಿಲ್ಲದವರಿಗೆ ಹೆಪ್ಪು ಕೊಟ್ಟರೆ ಏನಾಗುತ್ತದೆ ಎಂದು ಊರಿಗೆಲ್ಲ ಗೊತ್ತು. ಚಮಚ ಎತ್ತಿದ ಜಾಗ ಮತ್ತೆ ಕೂಡಿಕೊಳ್ಳುವುದಿಲ್ಲ. ಅಲ್ಲಿಂದ ಒಂದು ಸೀಳು ಹುಟ್ಟಿ ತಳದ ತನಕ ಇಳಿಯುತ್ತದೆ.

"ನಾಳೆ ಕೊಡ್ತೀನಿ," ಎಂದ. "ಒಂದು ಚಮಚ ಯಾಕೆ, ನಾಳೆ ಇಡೀ ಮಡಕೆ ನಿನ್ನದೇ. ಒಂದು ದಿನ ತಡ್ಕೋ."

"ಕೊಡೋ ಮಾರಾಯ," ಎಂದೆ ನಾನು. "ಬಿದ್ದರೆ ಬೀಳಲಿ. ಇನ್ನೊಂದು ಸಲ ಕಟ್ಟಿಕೊಂಡ್ರಾಯ್ತು."

ಅವನು ನನ್ನತ್ತ ತಿರುಗಿದ. ನಾನು ಎಷ್ಟೋ ಹುಲಿಗಳ ಮುಂದೆ ನಿಂತವನು; ಆ ಕಣ್ಣುಗಳ ಮುಂದೆ ಮಾತ್ರ ಒಂದು ಹೆಜ್ಜೆ ಹಿಂದಿಟ್ಟೆ. "ನೀವು ಅತಿಥಿ," ಎಂದ. "ನಿಮಗೇನು ಗೊತ್ತು? ಇನ್ನೊಂದು ಸಲ ಬಿದ್ದರೆ ಇನ್ನೊಂದು ಸಲ ಕಟ್ಟೋ ತನಕ ಅವಳಿರಲ್ಲ."

ಅದೂ ನಿಜವೇ. ಆ ಊರಿನ ದೊಡ್ಡ ಕಷ್ಟ ಅದು ಮಕ್ಕಳೇ, ಅಲ್ಲಿ ಯಾರು ಏನು ಹೇಳಿದರೂ ನಿಜವೇ ಆಗಿರುತ್ತದೆ.

ಬಿರುಕಿನ ಆಚೆಯಿಂದ ಅವಳು, "ಸರಿ, ಹೋಗಿ ಮಲಗಿ," ಎಂದಳು.

ಮರುದಿನ ಊರೆಲ್ಲ ಕಲ್ಲಿನ ಸುತ್ತ ನೆರೆಯಿತು. ಹೊಸಬ ಮಿಂದು, ಒದ್ದೆ ಬಟ್ಟೆಯಲ್ಲಿ ಕಲ್ಲು ಹತ್ತಿದ. ರುಚಿಗಾರ ಕಿರುಬೆರಳಿಟ್ಟು ನಾಲಿಗೆಗೆ ಹಚ್ಚಿಕೊಂಡ. ತೊಳೆದ ತಟ್ಟೆಯಂಥ ಆ ಮುಖದಲ್ಲಿ ಮೊದಲ ಸಲ ಏನೋ ಒಂದು ಮೂಡಿತು. ಹೊಸಬ ಮಡಕೆಯನ್ನು ಎತ್ತಿದ, ತಿರುಗಿಸಿದ, ತಲೆಯ ಮೇಲೆ ಬೋರಲು ಹಿಡಿದ. ಹಿಡಿದ. ಹಿಡಿದ. ಒಂದು ಹನಿ ಬೀಳಲಿಲ್ಲ. ಅವನ ಕೈ ಸೋತಿತು, ಮೊಸರು ಸೋಲಲಿಲ್ಲ. ಹಕ್ಕಿಗಳು ಮೇಲಿಂದ ಹಾದುಹೋದವು. ಒಂದು ಹನಿ ಬೀಳಲಿಲ್ಲ.

"ಬಾಗಿಲು ತೆಗೀರಿ!" ಎಂದ ರುಚಿಗಾರ.

ಬಾಗಿಲು ತೆರೆಯಿತು. ಮಂಜು ಹೊಸ್ತಿಲ ತನಕ ಬಂದು ನಿಂತಿತು. ಯಾರೂ ಒಳಗೆ ಬರಲಿಲ್ಲ. ಹೊಸಬ ಮಡಕೆ ಅವಚಿಕೊಂಡು ಹೊರಗೆ ಓಡಿದ. ನಾವೂ ಓಡಿದೆವು. ಮಂಟಪದ ಕಂಬಕ್ಕೆ ಒರಗಿ ಅವಳು ಕೂತಿದ್ದಳು. ಮೇಕೆ ಅವಳ ಕಾಲಿಗೆ ಕಾವು ಕೊಡುತ್ತ ಮಲಗಿತ್ತು. ಜೀವ ಇತ್ತು. ಕಣ್ಣು ತೆರೆದು ಮಡಕೆಯನ್ನು ನೋಡಿದಳು. ಅಂಗೈ ಗುಳಿ ಮಾಡಿ ಚಾಚಿದಳು.

"ತಗೋ ಕಣೇ, ಎಲ್ಲ ನಿನ್ನದೇ," ಎಂದು ಹೊಸಬ ಮಡಕೆಯನ್ನು ಅವಳ ಅಂಗೈ ಮೇಲೆ ಬಗ್ಗಿಸಿದ.

ಬೀಳಲಿಲ್ಲ.

ಪೂರ್ತಿ ಬೋರಲು ಹಾಕಿದ. ಬೀಳಲಿಲ್ಲ. ತಳಕ್ಕೆ ತಟ್ಟಿದ, ಕುಲುಕಿದ, ಬೆರಳು ಹಾಕಿದ, ಉಗುರು ಮುರಿಯಿತು. ಯಾರೋ ಸೌಟು ತಂದರು, ಸೌಟು ಬಾಗಿತು. ಅವನು ಮಡಕೆಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿದ. ಮಣ್ಣು ಚೂರುಚೂರಾಗಿ ಹಾರಿಹೋಯಿತು. ಒಳಗಿನ ಮೊಸರು ಮಾತ್ರ ಮಡಕೆಯ ಆಕಾರದಲ್ಲೇ, ಬೆಳ್ಳಗೆ, ಒಂದು ಗೀರೂ ಇಲ್ಲದೆ ಕೂತಿತ್ತು. ಹಿಂದೆ ನಿಂತಿದ್ದ ಜನ ಅದನ್ನು ನೋಡಿ ಕೈ ಮುಗಿದರು. "ಇಂಥದ್ದು ನನ್ನ ನಾಲಿಗೆ ಕಂಡಿಲ್ಲ," ಎಂದ ರುಚಿಗಾರ, ಪಿಸುದನಿಯಲ್ಲಿ.

ಅವಳ ಕೈ ಚಾಚಿಕೊಂಡೇ ಇತ್ತು. ಹೊಸಬ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಯಿ ಹತ್ತಿರ ತಂದು ಊದಿದ. ಅವಳು ನಕ್ಕಳು. "ಇರ್ಲಿ ಬಿಡಿ," ಎಂದಳು. "ನಮ್ಮನೇಲಿ ಇಷ್ಟು ಗಟ್ಟಿ ಮೊಸರು ಯಾವತ್ತು ಕಟ್ಟಿತ್ತು?"

ಆಮೇಲೆ ಅವನು ಊದುತ್ತಲೇ ಇದ್ದ. ಸಾಕು ಎಂದು ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಸೌದೆ, ಬಿಳಿ ಬಟ್ಟೆ, ಹೊರಲು ನಾಲ್ಕು ಹೆಗಲು, ಎಲ್ಲವನ್ನೂ ಊರು ಕೂಡಲೇ ಕೊಟ್ಟಿತು. ಯಾರೂ ಒಂದು ಮಾತು ಕೇಳಲಿಲ್ಲ. ಅವನಿಗೆ ಆ ಊರಿನಲ್ಲಿ ಇನ್ನು ಏನು ಬೇಡಿದರೂ ಸಿಗುತ್ತಿತ್ತು. ಅವನು ಏನೂ ಬೇಡಲಿಲ್ಲ. ನಾನು ಆ ಸಂಜೆಯೇ ಅಜ್ಜಿಯ ಜಗಲಿಯಿಂದ ನನ್ನ ಗಂಟು ಎತ್ತಿಕೊಂಡು ಹೊರಟೆ. ಬಾಗಿಲವನು ಹಾರ ಹಾಕಲು ಬಂದ, ಬೇಡವೆಂದೆ.

ಇಷ್ಟೂ ನಿಜ. ಬಿಳಿ ಗೋಡೆ ನಿಜ, ಮಂಜು ನಿಜ, ಅಡವಿಟ್ಟ ನಿದ್ದೆ ನಿಜ, ಒಡೆದ ಮಡಕೆಯಿಂದ ಎದ್ದು ನಿಂತ ಮೊಸರು ನಿಜ. ಒಂದೇ ಒಂದು ಸಣ್ಣ ವಿಷಯ ನಾನು ಸೇರಿಸಿದ್ದು. ಕೊನೆಯಲ್ಲಿ ಅವಳು ನಕ್ಕಳು, ಹೀಗೆ ಹೀಗೆ ಅಂದಳು ಎಂದೆನಲ್ಲ, ಅದು. ಅವಳು ನಗಲಿಲ್ಲ. ಏನೂ ಅನ್ನಲಿಲ್ಲ.